ಕೆಲಸ ಹೋದ ಮನೆಯ ಜಮಾ-ಖರ್ಚು

ಕರ್ನಾಟಕದಲ್ಲಿ ಕೆಲಸ ಕಳೆದುಕೊಂಡವರಿಗೆಂದೇ ರಾಜ್ಯ ಸರ್ಕಾರ ತಿಂಗಳು ತಿಂಗಳು ಕೊಡುವ ಭತ್ಯೆ ಯಾವುದೂ ಇಲ್ಲ. ಹೀಗೆಂದ ಕೂಡಲೇ ‘ಯುವನಿಧಿ ಇದೆಯಲ್ಲ’ ಎನ್ನುವವರು ಸಿಗುತ್ತಾರೆ. ಯುವನಿಧಿ ಇರುವುದು 2022-23ರಿಂದ ಈಚೆಗೆ ಪದವಿ ಅಥವಾ ಡಿಪ್ಲೊಮಾ ಮುಗಿಸಿ, ಆರು ತಿಂಗಳಾದರೂ ಕೆಲಸ ಸಿಗದೆ ಕೂತಿರುವವರಿಗೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಕೆಲಸ ಇನ್ನೂ ಸಿಗದವರಿಗೆ ಅದು ಒದಗುತ್ತದೆ, ಇದ್ದ ಕೆಲಸ ಹೋದವರಿಗೆ ಅಲ್ಲ. ಹದಿನೈದು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದ ಹೆಂಗಸಿಗೆ, ಪೀಣ್ಯದಲ್ಲಿ ಲೇತ್ ನಡೆಸುತ್ತಿದ್ದ ಗಂಡಸಿಗೆ, ಮೂವತ್ತೆಂಟರ ವಯಸ್ಸಿನಲ್ಲಿ ಇಮೇಲ್ ಮೂಲಕ ಮನೆಗೆ ಕಳಿಸಲ್ಪಟ್ಟ ಸಾಫ್ಟ್‌ವೇರ್ ನೌಕರನಿಗೆ ಅಲ್ಲಿ ಜಾಗವಿಲ್ಲ.

ಹಾಗೆಂದು ಕೆಲಸ ಹೋದ ಮನೆ ಸರ್ಕಾರದ ದುಡ್ಡಿನ ಮೇಲೆ ಬದುಕುವುದೇ ಇಲ್ಲ ಎಂದೇನಲ್ಲ. ಮನೆಯ ಯಜಮಾನಿಯ ಖಾತೆಗೆ ಗೃಹಲಕ್ಷ್ಮಿಯ 2,000 ಬರುತ್ತದೆ. ಬಿಪಿಎಲ್ ಕಾರ್ಡಿದ್ದರೆ ಅನ್ನಭಾಗ್ಯದ ಅಕ್ಕಿ ಬರುತ್ತದೆ. ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಇಳಿಯುತ್ತದೆ, ಶಕ್ತಿ ಯೋಜನೆಯಿಂದ ಹೆಂಗಸರ ಬಸ್ ಚಾರ್ಜು ಉಳಿಯುತ್ತದೆ. 2023ರ ಜೂನ್‌ನಿಂದ ಒಂದೊಂದಾಗಿ ಬಂದ ಈ ಗ್ಯಾರಂಟಿಗಳನ್ನು ಬೈಯುವವರೂ ಹೊಗಳುವವರೂ ಸಾಕಷ್ಟಿದ್ದಾರೆ. ಇವು ನಿರುದ್ಯೋಗದ ವಿಮೆಯಲ್ಲ ಎಂಬುದನ್ನು ಮಾತ್ರ ಎರಡೂ ಕಡೆಯವರು ಮರೆಯುತ್ತಾರೆ. ಸಂಬಳ ಬರುತ್ತಿದ್ದ ತಿಂಗಳಲ್ಲೂ ಇವು ಇದ್ದವು, ನಿಂತ ತಿಂಗಳಲ್ಲೂ ಅಷ್ಟೇ ಇವೆ. ನಿನ್ನೆಯವರೆಗೆ ಮೇಲುಖರ್ಚಿಗೆ ಆಗುತ್ತಿದ್ದದ್ದು ಇವತ್ತು ಮೂಲ ಆದಾಯವಾಗಿ ಕೂತಿರುತ್ತದೆ, ಅಷ್ಟೇ.

ಇನ್ನೊಂದು ತೊಡಕಿದೆ. ನಮ್ಮ ಯೋಜನೆಗಳ ಕಣ್ಣು ಇರುವುದು ಮನೆಯ ನಿನ್ನೆಯ ಮೇಲೆ. ಬಿಪಿಎಲ್ ಕಾರ್ಡಿಗೆ ವಾರ್ಷಿಕ ಆದಾಯ 1.2 ಲಕ್ಷ ಮೀರಬಾರದು. ತಿಂಗಳಿಗೆ 18,000 ದುಡಿಯುತ್ತಿದ್ದ ಮನೆಯ ವಾರ್ಷಿಕ ಲೆಕ್ಕ 2.16 ಲಕ್ಷಕ್ಕೆ ಹೋಗುತ್ತದೆ, ಆದ್ದರಿಂದ ಕಾರ್ಡಿಲ್ಲ. ಜನವರಿಯಲ್ಲಿ ಕೆಲಸ ಹೋದರೂ ಆದಾಯ ಪ್ರಮಾಣಪತ್ರ ಹೇಳುವುದು ಹಳೆಯ ಕಥೆಯನ್ನೇ. ಗೃಹಲಕ್ಷ್ಮಿಯಲ್ಲೂ ಹೀಗೆಯೇ: ಯಜಮಾನಿಯೋ ಆಕೆಯ ಗಂಡನೋ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಇಲ್ಲ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೂ ಇಲ್ಲ. ಸಣ್ಣ ಅಂಗಡಿ ಮುಚ್ಚಿದವನ ಜಿಎಸ್‌ಟಿ ನೋಂದಣಿ ರದ್ದಾಗದೆ ಉಳಿದಿದ್ದರೆ ಕಂಪ್ಯೂಟರಿನ ಮಟ್ಟಿಗೆ ಅವನು ಇನ್ನೂ ವ್ಯಾಪಾರಿಯೇ.

ಬ್ರಿಟನ್ನಿನಲ್ಲಿ ಲೆಕ್ಕ ಬೇರೆ ಥರ. ಅಲ್ಲಿನ ಯೂನಿವರ್ಸಲ್ ಕ್ರೆಡಿಟ್ ಆಯಾ ತಿಂಗಳ ಆದಾಯ ನೋಡಿ ಕೊಡುವಂಥದು. 2025-26ರಲ್ಲಿ 25 ತುಂಬಿದ ಒಂಟಿ ವ್ಯಕ್ತಿಗೆ ತಿಂಗಳಿಗೆ 400 ಪೌಂಡ್ ಮೂಲ ಭತ್ಯೆ, ಬಾಡಿಗೆಯ ಪಾಲು ಬೇರೆ. ಅದೇನೂ ಸ್ವರ್ಗವಲ್ಲ. ಮೊದಲ ಕಂತಿಗೆ ಐದು ವಾರ ಕಾಯಬೇಕು, ಕೈಯಲ್ಲಿ 16,000 ಪೌಂಡಿಗಿಂತ ಹೆಚ್ಚು ಉಳಿತಾಯವಿದ್ದರೆ ಒಂದು ಪೆನ್ನಿಯೂ ಇಲ್ಲ, ಫುಡ್ ಬ್ಯಾಂಕಿನ ಮುಂದೆ ಸಾಲು ಕರಗಿಲ್ಲ. ಕೆಲಸದ ವೀಸಾದ ಮೇಲೆ ಅಲ್ಲಿಗೆ ಹೋದ ನಮ್ಮವರ ವೀಸಾ ಷರತ್ತಿನಲ್ಲೇ ಸರ್ಕಾರಿ ನೆರವು ಪಡೆಯುವಂತಿಲ್ಲ ಎಂದಿರುತ್ತದೆ. ಆದರೂ ಆ ವ್ಯವಸ್ಥೆ ಒಂದು ಪ್ರಶ್ನೆಯನ್ನಂತೂ ಕೇಳುತ್ತದೆ: ಈ ತಿಂಗಳು ನಿನಗೆ ಸಂಬಳ ಬಂತೋ ಇಲ್ಲವೋ? ನಮ್ಮಲ್ಲಿ ಈ ಪ್ರಶ್ನೆ ಕೇಳುವ ಇಲಾಖೆ ಹುಡುಕಿದರೆ ಸಿಗುವುದು ಮುಖ್ಯವಾಗಿ ಒಂದೇ, ಇಎಸ್‌ಐ.

ಇಎಸ್‌ಐ ಎಂದರೆ ಆಸ್ಪತ್ರೆ ಎಂದಷ್ಟೇ ಹೆಚ್ಚಿನವರು ತಿಳಿದಿದ್ದಾರೆ. ಅದರೊಳಗೆ 2018ರ ಜುಲೈನಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅನ್ನುವುದೊಂದಿದೆ. ಕೆಲಸ ಹೋದ ವಿಮಾದಾರನಿಗೆ ಗರಿಷ್ಠ 90 ದಿನ, ಜೀವಮಾನದಲ್ಲಿ ಒಮ್ಮೆ, ನಗದು ಪರಿಹಾರ. ಶುರುವಿನಲ್ಲಿ ಸರಾಸರಿ ಸಂಬಳದ ಶೇ 25ರಷ್ಟಿತ್ತು, ಕೋವಿಡ್ ಬಂದಾಗ ಶೇ 50ಕ್ಕೆ ಏರಿಸಿದರು, ಆಮೇಲೆ ಆ ದರದ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿಕೊಂಡು ಬಂದರು. 16,000 ಸಂಬಳದವರಿಗೆ ತಿಂಗಳಿಗೆ 8,000ದಂತೆ ಮೂರು ತಿಂಗಳು ಎಂದಿಟ್ಟುಕೊಳ್ಳಿ. ಷರತ್ತುಗಳಿವೆ: ಕನಿಷ್ಠ ಎರಡು ವರ್ಷ ಇಎಸ್‌ಐ ವ್ಯಾಪ್ತಿಯ ಕೆಲಸದಲ್ಲಿರಬೇಕು, ಕೆಲಸ ಹೋಗುವ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿರಬೇಕು, ದುರ್ನಡತೆಗೆ ವಜಾ ಆಗಿರಬಾರದು, ಸ್ವಯಂನಿವೃತ್ತಿಯೂ ಆಗಿರಬಾರದು. ಕಾರ್ಖಾನೆ ಮುಚ್ಚಿಯೋ ನೌಕರರನ್ನು ಕಡಿತ ಮಾಡಿಯೋ ಕೆಲಸ ಹೋದವರಿಗೆ 2005ರಿಂದಲೇ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಎಂಬ ಇನ್ನೊಂದಿದೆ. ಅದರಲ್ಲಿ ಮೊದಲ ವರ್ಷ ಅರ್ಧ ಸಂಬಳ, ಎರಡನೆಯ ವರ್ಷ ಕಾಲು ಭಾಗ. ಎರಡು ವರ್ಷ ಮನೆ ನಡೆಸಬಲ್ಲ ಮೊತ್ತ ಅದು. ಕಾರ್ಖಾನೆಯ ಗೇಟಿನ ಮುಂದೆ ನಿಂತು ಇದರ ಹೆಸರು ಹೇಳಿದರೆ ತಲೆಯಾಡಿಸುವವರು ಕಡಿಮೆ.

ಅದಕ್ಕೇ ಖರ್ಚು ಕಡಿತದ ಮಾತು ಶುರುವಾಗಬೇಕಾದ್ದು ಕೆಲಸದ ಕೊನೆಯ ದಿನದ ಮೇಜಿನ ಮುಂದೆ, ಅಡುಗೆಮನೆಯಲ್ಲಲ್ಲ. ಎಚ್‌ಆರ್‌ನವರು ಒಂದು ಹಾಳೆ ಮುಂದಿಟ್ಟು ‘ಇಲ್ಲೊಂದು ಸೈನ್ ಹಾಕಿ, ಸೆಟ್ಲ್‌ಮೆಂಟ್ ಬೇಗ ಆಗುತ್ತೆ’ ಎನ್ನುತ್ತಾರೆ. ಅದು ಬಹಳ ಸಲ ರಾಜೀನಾಮೆ ಪತ್ರ. ಕಂಪನಿ ತಾನಾಗಿ ತೆಗೆದರೆ, ವರ್ಷ ತುಂಬಿದ ಕಾರ್ಮಿಕರಿಗೆ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ಸಂಬಳ ಕೊಡಬೇಕೆಂಬುದು 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದ ನಡೆದುಬಂದ ನಿಯಮ. ‘ನಾನೇ ಬಿಡುತ್ತಿದ್ದೇನೆ’ ಎಂದು ಬರೆದುಕೊಟ್ಟರೆ ಆ ಹಕ್ಕನ್ನು ಸಾಧಿಸುವುದು ಕಷ್ಟವಾಗುತ್ತದೆ, ಇಎಸ್‌ಐ ಅರ್ಜಿಗೂ ತಕರಾರು ಬರುತ್ತದೆ. ಆರೇಳು ವರ್ಷ ದುಡಿದವರಿಗೆ ಈ ಒಂದು ಸಹಿಯ ಬೆಲೆ ಮೂರು ತಿಂಗಳ ಸಂಬಳಕ್ಕಿಂತ ಹೆಚ್ಚು. ಅಷ್ಟನ್ನು ಕೊತ್ತಂಬರಿ ಸೊಪ್ಪಿನಲ್ಲಿ ಉಳಿಸಲು ಯಾವ ಜನ್ಮ ಬೇಕು?

ಇನ್ನು ಪಿಎಫ್. ಕೆಲಸಗಾರರ ಪಾಲಿಗೆ ಪಿಎಫ್ ಅಂದರೆ ಮುಪ್ಪಿನ ಹಣ ಎಂದು ಕಾನೂನು ಹೇಳಲಿ, ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರಿಗೆ ಅದು ಎರಡು ಕೆಲಸಗಳ ನಡುವಿನ ಸೇತುವೆ. ಮಗಳ ಮದುವೆ, ಮನೆಯ ಅಡ್ವಾನ್ಸ್, ಊರಿನ ಸಾಲ ಎಲ್ಲಕ್ಕೂ ‘ಪಿಎಫ್ ತೆಗೆಸೋದು’ ಒಂದೇ ದಾರಿ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಅಧಿಸೂಚನೆ ಹೊರಡಿಸಿತು. ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದ ಹೆಂಗಸರು ರಸ್ತೆಯಲ್ಲಿ ಕೂತರು. ಮರುದಿನ ತುಮಕೂರು ರಸ್ತೆಗೂ ಅದು ಹರಡಿ ಊರೇ ನಿಂತಿತು. ಲಾಠಿ ಬಿತ್ತು, ಬಸ್ಸುಗಳು ಉರಿದವು, ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ಕಲ್ಲು ಬಿತ್ತು. ಯಾವ ದೊಡ್ಡ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ. 19ರ ಸಂಜೆಯ ಹೊತ್ತಿಗೆ ಸರ್ಕಾರ ಅಧಿಸೂಚನೆ ಹಿಂದಕ್ಕೆ ತೆಗೆದುಕೊಂಡಿತು. ಐವತ್ತೆಂಟರ ತನಕ ಹೊಲಿಗೆಯ ಕೆಲಸ ಯಾರಿಗೂ ಇರುವುದಿಲ್ಲ, ನಲವತ್ತೈದಕ್ಕೇ ಕಣ್ಣು ಮಂಜಾಗಿ ಟಾರ್ಗೆಟ್ ಮುಟ್ಟಲಾಗುವುದಿಲ್ಲ ಎಂಬುದನ್ನು ದೆಹಲಿಯ ಕಡತ ಬರೆದವರು ಯೋಚಿಸಿರಲಿಲ್ಲ.

2025ರ ಅಕ್ಟೋಬರ್‌ನಲ್ಲಿ ಪಿಎಫ್ ಸಂಸ್ಥೆಯ ಟ್ರಸ್ಟಿಗಳ ಮಂಡಳಿ ಮತ್ತೆ ನಿಯಮ ಬದಲಿಸುವ ತೀರ್ಮಾನ ಮಾಡಿತು. ಕೆಲಸ ಹೋದ ಕೂಡಲೇ ಶೇ 75 ತೆಗೆಯಬಹುದು, ಉಳಿದ ಶೇ 25 ಖಾತೆಯಲ್ಲಿರಬೇಕು, ಪೂರ್ತಿ ಚುಕ್ತಾ ಮಾಡಿಕೊಳ್ಳಲು ಮುಂಚಿನ ಎರಡು ತಿಂಗಳ ಬದಲು 12 ತಿಂಗಳು ಕಾಯಬೇಕು. ಈ ಸಲ ರಸ್ತೆ ತುಂಬಲಿಲ್ಲ. ಮುಕ್ಕಾಲು ಭಾಗ ತಕ್ಷಣ ಕೈಗೆ ಬರುವುದು ಅದಕ್ಕೆ ಒಂದು ಕಾರಣವಿರಬಹುದು. ಪಿಎಫ್ ತೆಗೆಯುವುದೇ ತಪ್ಪು ಎಂದು ಉಪದೇಶ ಮಾಡುವ ಹಣಕಾಸು ಅಂಕಣಗಳನ್ನು ನಾನು ಒಪ್ಪುವುದಿಲ್ಲ. ಕ್ರೆಡಿಟ್ ಕಾರ್ಡಿನ ಮೇಲೆ ವರ್ಷಕ್ಕೆ ಶೇ 40ರ ಆಸುಪಾಸು ಬಡ್ಡಿ ಓಡುತ್ತಿರುವಾಗ, ಶೇ 8 ಚಿಲ್ಲರೆ ಗಳಿಸುವ ಹಣವನ್ನು ಮುಟ್ಟದೆ ಕೂರುವುದು ಜಾಣತನ ಹೇಗಾದೀತು? ಆದರೆ ಪಿಂಚಣಿಯ ಪಾಲನ್ನು ಮುಟ್ಟುವ ಮುಂಚೆ ಸೇವೆಯ ಒಟ್ಟು ವರ್ಷಗಳನ್ನು ಎಣಿಸಬೇಕು. ಹತ್ತು ವರ್ಷ ತುಂಬಿದರೆ 58ಕ್ಕೆ ತಿಂಗಳ ಪಿಂಚಣಿ ಖಚಿತ. ಎಂಟೊಂಬತ್ತು ವರ್ಷದವರು ಆ ಪಾಲನ್ನು ಸ್ಕೀಮ್ ಸರ್ಟಿಫಿಕೇಟಿನ ರೂಪದಲ್ಲಿ ಉಳಿಸಿಕೊಳ್ಳುವುದು ಲೇಸು.

ಜಮೆಯ ಕಡೆ ಇಷ್ಟು. ಖರ್ಚಿನ ಕಡೆ ಬರೋಣ. ಖರ್ಚು ತಗ್ಗಿಸಲು ಹೇಳುವ ಲೇಖನಗಳಲ್ಲಿ ಮುಕ್ಕಾಲು ಪಾಲು ಅಡುಗೆಮನೆಯಲ್ಲೇ ಓಡಾಡುತ್ತವೆ: ಬೇಳೆ ನೆನೆಹಾಕಿ, ಕುಕ್ಕರ್ ಬಳಸಿ, ತರಕಾರಿ ಸಿಪ್ಪೆಯ ಚಟ್ನಿ ಮಾಡಿ. ಕೇಂದ್ರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆ ತೆಗೆದು ನೋಡಿದರೆ ಇದು ಎಷ್ಟು ಅಡ್ಡದಾರಿ ಎಂದು ಗೊತ್ತಾಗುತ್ತದೆ. ದೇಶದ ನಗರ ಪ್ರದೇಶದಲ್ಲಿ ತಲಾ ತಿಂಗಳ ವೆಚ್ಚ ಸರಾಸರಿ 6,996 ರೂಪಾಯಿ. ಅದರಲ್ಲಿ ಆಹಾರದ್ದು ಶೇ 40ಕ್ಕೂ ತುಸು ಕಡಿಮೆ. ಆ ಆಹಾರದೊಳಗೂ ಅತಿ ದೊಡ್ಡ ಬಾಬತ್ತು ಹೊರಗಿನ ತಿಂಡಿ, ಪಾನೀಯ, ಪ್ಯಾಕೆಟ್ ತಿನಿಸು. ಅಂದರೆ ಒಲೆಯ ಮುಂದೆ ನಿಂತು ಉಳಿಸಬಹುದಾದದ್ದು ಸ್ವಲ್ಪ. ದೊಡ್ಡ ಮೊತ್ತ ಇರುವುದು ಬಾಡಿಗೆ, ಶಾಲೆಯ ಫೀಸು, ಕಂತುಗಳಲ್ಲಿ. ಇವುಗಳಲ್ಲಿ ಉಳಿಸಬೇಕಾದರೆ ಯಾರದೋ ಮುಂದೆ ನಿಂತು ‘ನನಗೆ ಕೆಲಸವಿಲ್ಲ’ ಎಂದು ಬಾಯಿ ಬಿಡಬೇಕು. ಬೇಳೆ ನೆನೆಹಾಕಲು ಯಾರಿಗೂ ಏನೂ ಹೇಳಬೇಕಾಗಿಲ್ಲ. ಸುಲಭದ ಸಲಹೆ ಜನಪ್ರಿಯವಾಗಿರುವುದು ಇದೇ ಕಾರಣಕ್ಕೆ ಎಂದು ನನ್ನ ಅನುಮಾನ.

ಬೆಂಗಳೂರಿನ ಬಾಡಿಗೆಯ ವಿಚಾರ ಸ್ವಲ್ಪ ಬಿಡಿಸಿ ನೋಡಬೇಕು. ಇಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೊಡುವ ರೂಢಿ ಇತ್ತು, ಇನ್ನೂ ಅನೇಕ ಕಡೆ ಇದೆ. ಕೇಂದ್ರ 2021ರಲ್ಲಿ ಮಾಡಿದ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳಿಗೆ ಮೀರಬಾರದು ಎನ್ನುತ್ತದೆ. ಅದು ಮಾದರಿಯಾಗಿಯೇ ಉಳಿದಿದೆ. 12,000 ಬಾಡಿಗೆಯ ಮನೆಯವರ 1,20,000 ಮಾಲೀಕರ ಬಳಿ ಬಡ್ಡಿಯಿಲ್ಲದೆ ಕೂತಿರುತ್ತದೆ. ಎಷ್ಟೋ ಮನೆಗಳಲ್ಲಿ ಅದೇ ಅತಿ ದೊಡ್ಡ ಉಳಿತಾಯ. ಕೆಲಸ ಹೋದ ಮೊದಲ ತಿಂಗಳಲ್ಲೇ ಮಾಲೀಕರ ಬಳಿ ಹೋಗಿ ‘ಅಡ್ವಾನ್ಸಿನಲ್ಲಿ ಮೂರು ತಿಂಗಳು ಹಿಡಿದುಕೊಳ್ಳಿ, ಆಮೇಲೆ ತುಂಬಿಕೊಡುತ್ತೇನೆ’ ಎನ್ನುವುದಕ್ಕೂ, ಮೂರು ತಿಂಗಳು ಬಾಡಿಗೆ ಕಟ್ಟದೆ ಮುಖ ತಪ್ಪಿಸಿ ಓಡಾಡಿ ಕೊನೆಗೆ ಜಗಳವಾಡುವುದಕ್ಕೂ ಹಣದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ, ಮರ್ಯಾದೆಯ ಲೆಕ್ಕದಲ್ಲಿ ಬಹಳ ಇದೆ. ಚಿಕ್ಕ ಮನೆಗೆ ಹೋಗುವುದಾದರೂ ಬೇಗ ಹೋಗಬೇಕು. ಹಳೆಯ ಅಡ್ವಾನ್ಸಿನಿಂದ ಹೊಸ ಮನೆಯ ಅಡ್ವಾನ್ಸ್ ಕೊಟ್ಟು ಕೈಯಲ್ಲಿ ಒಂದಿಷ್ಟು ಉಳಿಯಬೇಕೆಂದರೆ ಬಾಡಿಗೆ ಬಾಕಿ ಅದನ್ನು ತಿಂದುಹಾಕುವ ಮುಂಚೆಯೇ ಬದಲಾಯಿಸಬೇಕು. ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು, ಸಾಗಿಸುವ ಟೆಂಪೊ, ಹೊಸ ಬ್ರೋಕರಿನ ಕಮಿಷನ್ ಇವನ್ನೆಲ್ಲ ಸೇರಿಸಿದರೆ ಎರಡು ಸಾವಿರ ಕಡಿಮೆ ಬಾಡಿಗೆಯ ಮನೆ ವರ್ಷವಾದರೂ ಲಾಭಕ್ಕೆ ಬರುವುದಿಲ್ಲ. ನಾಲ್ಕೈದು ಸಾವಿರ ಇಳಿಯುವುದಾದರೆ ಮಾತ್ರ ಗಂಟು ಕಟ್ಟಬೇಕು. ಭೋಗ್ಯದ ಮನೆಯಲ್ಲಿರುವವರಿಗೆ ಬಾಡಿಗೆಯ ಚಿಂತೆ ಇಲ್ಲ, ಕರಾರು ಮುಗಿದಾಗ ಆ ಹತ್ತು ಲಕ್ಷ ವಾಪಸ್ ಬರುತ್ತದೋ ಇಲ್ಲವೋ ಎಂಬ ಚಿಂತೆ.

ಮನೆ ಬದಲಾಯಿಸುವವರು ಗೃಹಜ್ಯೋತಿಯ ಒಳಸುಳಿಯನ್ನೂ ಅರಿತಿರಬೇಕು. ಎಲ್ಲರಿಗೂ 200 ಯೂನಿಟ್ ಉಚಿತ ಎಂಬುದು ತಪ್ಪು ತಿಳಿವಳಿಕೆ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ 10 ಸೇರಿಸಿ ಮಿತಿ ಕಟ್ಟುತ್ತಾರೆ. ಸರಾಸರಿ 90 ಇದ್ದ ಮನೆಗೆ 99 ಯೂನಿಟ್. 130 ಉರಿಸಿದರೆ ಮೇಲಿನ 31ಕ್ಕೆ ಬಿಲ್, 201 ಉರಿಸಿದರೆ ಪೂರ್ತಿ ಬಿಲ್. ಕೆಲಸ ಹೋದ ಮೇಲೆ ಮನೆಯಲ್ಲಿ ಹಗಲೆಲ್ಲ ಜನ. ಫ್ಯಾನು, ಟಿವಿ, ಲ್ಯಾಪ್‌ಟಾಪ್ ಓಡುತ್ತವೆ. ಬಳಕೆ ಏರುವುದೇ ಈಗ, ಮಿತಿ ಮಾತ್ರ ದುಡಿಯುತ್ತಿದ್ದ ಕಾಲದ್ದು. ಬಾಡಿಗೆ ಮನೆ ಬಿಟ್ಟಾಗ ಹಳೆಯ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸಬೇಕು. ಅದನ್ನು ಮರೆತರೆ ಹೊಸ ಮನೆಯಲ್ಲಿ ಪೂರ್ತಿ ಬಿಲ್ ಬರುತ್ತದೆ. ಮಿತಿಯ ಅಂಚಿನಲ್ಲಿರುವ ಮನೆಯಲ್ಲಿ ಮೊದಲು ನೋಡಬೇಕಾದ್ದು ಗೀಸರ್. 2,000 ವಾಟ್‌ನ ಗೀಸರ್ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್. ನಾಲ್ಕು ಜನರ ಸ್ನಾನಕ್ಕೆ ದಿನಾ ಮುಕ್ಕಾಲು ಗಂಟೆ ಎಂದರೆ ತಿಂಗಳಿಗೆ 45. ಎಲ್‌ಇಡಿ ಬಲ್ಬು ಆರಿಸಲು ಮಕ್ಕಳ ಹಿಂದೆ ಓಡಾಡುವ ಅಪ್ಪಂದಿರು ಈ ಲೆಕ್ಕ ಹಾಕಿಕೊಳ್ಳಲಿ, 9 ವಾಟ್‌ನ ಬಲ್ಬು ಒಂದು ಯೂನಿಟ್ ತಿನ್ನಲು ನೂರಾಹನ್ನೊಂದು ಗಂಟೆ ಬೇಕು.

ಕರೆಂಟ್ ಪುಕ್ಕಟೆ ಎಂದು ಗ್ಯಾಸ್ ಬಿಟ್ಟು ಇಂಡಕ್ಷನ್ ಒಲೆಗೆ ಹೋಗುವವರಿದ್ದಾರೆ. 2025ರ ಏಪ್ರಿಲ್‌ನಲ್ಲಿ ಸಿಲಿಂಡರ್ 50 ರೂಪಾಯಿ ಏರಿ ಬೆಂಗಳೂರಿನಲ್ಲಿ 855 ದಾಟಿದಾಗ ಈ ಯೋಚನೆ ಸಹಜವೇ. ಒಂದು ಸಿಲಿಂಡರಿನಷ್ಟು ಅಡುಗೆ ಇಂಡಕ್ಷನ್‌ನಲ್ಲಿ ಮಾಡಲು ನನ್ನ ಅಂದಾಜಿನಲ್ಲಿ 120 ಯೂನಿಟ್ ಹತ್ತಿರ ಬೇಕು. ಮಿತಿಯೊಳಗೆ ಜಾಗವಿದ್ದರೆ ಲಾಭ. ಮಿತಿ ಮೀರಿದರೆ ಲಾಭ ಕರಗಿ ಹೋಗುತ್ತದೆ, 200 ದಾಟಿದರೆ ಕೈಯಿಂದ ಹೋಗುತ್ತದೆ. ಮೀಟರನ್ನು ವಾರಕ್ಕೊಮ್ಮೆ ಓದಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವ ಮನೆಗೆ ಮಾತ್ರ ಈ ಆಟ ಹೇಳಿದ್ದು.

ಶಾಲೆಯ ವಿಷಯದಲ್ಲಿ ಅಪ್ಪ-ಅಮ್ಮಂದಿರ ಎದೆ ನಡುಗುತ್ತದೆ. ಮಗುವನ್ನು ಸರ್ಕಾರಿ ಶಾಲೆಗೆ ಹಾಕಿದರೆ ನಾವು ಸೋತೆವೆಂದು ಊರಿಗೆಲ್ಲ ಡಂಗುರ ಹೊಡೆದಂತೆ ಎಂಬ ಭಾವನೆ. ಪ್ರಾಥಮಿಕ ತರಗತಿಯ ಮಗುವಾದರೆ ಈ ಭಯಕ್ಕಿಂತ ಲೆಕ್ಕ ದೊಡ್ಡದು. ಫೀಸು, ವ್ಯಾನು, ವರ್ಷಕ್ಕೆರಡು ಯೂನಿಫಾರ್ಮು ಸೇರಿ ಸಾಧಾರಣ ಇಂಗ್ಲಿಷ್ ಮೀಡಿಯಂ ಶಾಲೆಯೂ ತಿಂಗಳಿಗೆ ನಾಲ್ಕೈದು ಸಾವಿರ ನುಂಗುತ್ತದೆ. ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಬಟ್ಟೆ, ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು, ಈಗ ಮೊಟ್ಟೆ ಅಥವಾ ಬಾಳೆಹಣ್ಣು. ಮನೆಯಲ್ಲಿ ಹಾಲು-ಮೊಟ್ಟೆ ಕಡಿತವಾಗಿರುವ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ಬಾಕಿ ಫೀಸು ಕಟ್ಟುವವರೆಗೆ ಟಿಸಿ ಕೊಡುವುದಿಲ್ಲ ಎಂದು ಖಾಸಗಿ ಶಾಲೆಗಳು ಹೆದರಿಸುತ್ತವೆ. ಎಂಟನೆಯ ತರಗತಿಯವರೆಗೆ ಟಿಸಿ ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಸೆಕ್ಷನ್ನಿನಲ್ಲೇ ಇದೆ. ಎಸ್‌ಎಸ್‌ಎಲ್‌ಸಿಯಲ್ಲಿರುವ ಮಗುವನ್ನು ಮಾತ್ರ ನಡುವೆ ಎಬ್ಬಿಸಬಾರದು. ಅಲ್ಲಿ ಹೆಡ್ಮಾಸ್ಟರ ಬಳಿ ಕೂತು ಕಂತು ಕೇಳುವುದೇ ಸರಿ.

ಕಂತುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇಎಂಐ ತಪ್ಪುವ ಮುಂಚೆ ಬ್ಯಾಂಕಿಗೆ ಹೋದವನಿಗೆ ಅವಧಿ ಉದ್ದ ಮಾಡಿ ಕಂತು ಇಳಿಸುವ ಮಾತು ಸಿಗುತ್ತದೆ, ತಪ್ಪಿದ ಮೇಲೆ ಹೋದವನಿಗೆ ರಿಕವರಿಯವರ ಫೋನು ಸಿಗುತ್ತದೆ. ಮನೆಯಲ್ಲಿ ಚಿನ್ನವಿದ್ದರೆ ಗಿರವಿ ಅಂಗಡಿಗಿಂತ ಬ್ಯಾಂಕಿನ ಚಿನ್ನದ ಸಾಲ ವಾಸಿ, ಸ್ವಸಹಾಯ ಸಂಘದ ಸಾಲ ಅದಕ್ಕಿಂತ ವಾಸಿ. ಮೈಕ್ರೋಫೈನಾನ್ಸ್ ವಸೂಲಿಯ ಕಾಟ ಎಷ್ಟಾಗಿತ್ತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತುವ ಹಂತಕ್ಕೆ ಬಂದ ಮನೆಗೆ ಖರ್ಚು ಕಡಿತದಿಂದ ಏನೂ ಆಗುವುದಿಲ್ಲ.

ಇನ್ನು ಊಟ. ಕಾರ್ಡಿರುವ ಮನೆಯಲ್ಲಿ ಅಕ್ಕಿಗೆ ತೊಂದರೆ ಇಲ್ಲ. 2025ರಲ್ಲಿ ತಲೆಗೆ 10 ಕೆಜಿ ಲೆಕ್ಕವಿತ್ತು, ಅದರಲ್ಲಿ ಐದು ಕೇಂದ್ರದ್ದು, ಐದು ರಾಜ್ಯದ್ದು. ರಾಜ್ಯದ ಪಾಲಿನ ಅಕ್ಕಿ ಸಿಗದೆ 2023ರ ಜುಲೈನಿಂದ ತಲೆಗೆ 170 ರೂಪಾಯಿಯಂತೆ ಹಣ ಕೊಟ್ಟು, 2025ರಲ್ಲಿ ಮತ್ತೆ ಅಕ್ಕಿಗೆ ಮರಳಿದರು. ತೊಂದರೆ ಇರುವುದು ಅನ್ನದ ಪಕ್ಕ ಏನಿರುತ್ತದೆ ಎಂಬುದರಲ್ಲಿ. ಕೆಲಸ ಹೋದ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಹಾಲು, ಆಮೇಲೆ ಬೇಳೆ, ಆಮೇಲೆ ಮೊಟ್ಟೆ, ಮಾಂಸ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಅರ್ಧ ಲೀಟರಿನ ಪ್ಯಾಕೆಟ್ಟಿಗೆ ಇಳಿದ ಮನೆಗಳಿದ್ದವು. ಸಾರಿನಲ್ಲಿ ಬೇಳೆ ತಳ ಸೇರುತ್ತದೆ, ನೀರು ಮೇಲೇಳುತ್ತದೆ. ಹೊಟ್ಟೆ ತುಂಬುವುದರಿಂದ ಇದು ಬೇಗ ಗೊತ್ತಾಗುವುದಿಲ್ಲ.

ಹಳೇ ಮೈಸೂರು ಸೀಮೆಯ ಅಡುಗೆಯಲ್ಲಿ ಇದಕ್ಕೆ ಉಪಾಯ ಮೊದಲಿನಿಂದ ಇದೆ. ಹುರುಳಿಕಾಳು ಬೇಯಿಸಿದ ಕಟ್ಟಿನಿಂದ ಬಸ್ಸಾರು, ಅದೇ ಕಾಳಿನ ಪಲ್ಯ, ಪಕ್ಕಕ್ಕೆ ಮುದ್ದೆ. ಒಂದು ಬೇಯಿಸುವಿಕೆಯಲ್ಲಿ ಎರಡು ಪದಾರ್ಥ. ಹುರುಳಿ, ಅಲಸಂದೆ, ಕಡಲೆ ಇವನ್ನು ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಪ್ರಮಾಣವೂ ಹಿಗ್ಗುತ್ತದೆ, ಬೇಗ ಬೇಯುತ್ತದೆ. ತೊಗರಿಬೇಳೆಯ ಬೆಲೆ ಏರಿದಾಗ ಅದನ್ನೇ ಹಿಡಿದುಕೊಂಡು ಕೂರುವ ಬದಲು ವಾರದಲ್ಲಿ ನಾಲ್ಕು ದಿನ ಕಾಳಿಗೆ ಬರುವುದು ಬಡತನವೇನಲ್ಲ. ಸೊಪ್ಪನ್ನು ಸಂತೆ ಎದ್ದೇಳುವ ಹೊತ್ತಿಗೆ ಕೊಂಡರೆ ಎರಡು ಕಟ್ಟಿನ ದುಡ್ಡಿಗೆ ನಾಲ್ಕು. ಆದರೆ ಈ ಉಳಿತಾಯವೆಲ್ಲ ಯಾರ ಕೈಯಿಂದ ಆಗುತ್ತಿದೆ ಎಂದೂ ನೋಡಬೇಕು. ಕಾಳು ಆರಿಸುವುದು, ಮುದ್ದೆ ತೊಳಸುವುದು, ಸಂತೆ ಮುಗಿಯುವ ಹೊತ್ತಿಗೆ ಹೋಗಿ ಚೌಕಾಸಿ ಮಾಡುವುದು, ರೇಷನ್ ಅಂಗಡಿಯಲ್ಲಿ ಬೆರಳಚ್ಚು ಹತ್ತದೆ ಎರಡನೇ ಸಲ ಸಾಲಿನಲ್ಲಿ ನಿಲ್ಲುವುದು. ಗಂಡನ ಕೆಲಸ ಹೋದರೆ ಹೆಂಡತಿಯ ಕೆಲಸ ಎರಡರಷ್ಟಾಗುತ್ತದೆ. ಬಹಳ ಮನೆಗಳಲ್ಲಿ ಆಕೆ ಬೆಳಿಗ್ಗೆ ಅಪಾರ್ಟ್‌ಮೆಂಟಿನ ನಾಲ್ಕು ಮನೆಗಳ ಪಾತ್ರೆಯನ್ನೂ ತೊಳೆದು ಬಂದಿರುತ್ತಾಳೆ. ಮನೆಯಲ್ಲಿರುವ ಗಂಡಸು ಕುಕ್ಕರ್ ಇಡಲು ಕಲಿತರೆ ಅದೂ ಖರ್ಚು ಕಡಿತವೇ. ಆಕೆಗೆ ಇನ್ನೊಂದು ಮನೆಯ ಕೆಲಸ ಹಿಡಿಯಲು ಹೊತ್ತು ಸಿಗುತ್ತದೆ.

ಶಕ್ತಿ ಯೋಜನೆಯೂ ಮನೆಯೊಳಗಿನ ಈ ಹಂಚಿಕೆಯನ್ನು ಸದ್ದಿಲ್ಲದೆ ಬದಲಿಸಿದೆ. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು, ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90ಕ್ಕೆ ಹೋಯಿತು. ಗಂಡಸು ಹೊರಗೆ ಕಾಲಿಟ್ಟರೆ ಖರ್ಚು, ಹೆಂಗಸು ಸಾಮಾನ್ಯ ಬಸ್ಸು ಹತ್ತಿದರೆ ಉಚಿತ. ಹಾಗಾಗಿ ಬ್ಯಾಂಕು, ಆಸ್ಪತ್ರೆ, ತವರಿನಿಂದ ರಾಗಿ ತರುವುದು, ಎಲ್ಲ ಓಡಾಟ ಅವಳ ಪಾಲಿಗೆ. ಗಂಡಸು ಉಳಿತಾಯದ ಹೆಸರಿನಲ್ಲಿ ಮನೆಯಲ್ಲೇ ಕೂರುತ್ತಾನೆ, ಕೆಲಸ ಹುಡುಕುವ ಓಡಾಟವನ್ನೂ ನಿಲ್ಲಿಸುತ್ತಾನೆ. ಕಡಿಯಬಾರದ ಖರ್ಚುಗಳಲ್ಲಿ ಇದು ಮೊದಲನೆಯದು. ಬಿಎಂಟಿಸಿಯ ದಿನದ ಪಾಸು, ಮೊಬೈಲ್ ರೀಚಾರ್ಜು, ಕೆಲಸ ಕೇಳಲು ಹೋದ ಕಡೆ ಇಂದಿರಾ ಕ್ಯಾಂಟೀನಿನ ಹತ್ತು ರೂಪಾಯಿಯ ಊಟ, ಇವು ಮುಂದಿನ ಸಂಬಳದ ಬಂಡವಾಳ.

ಎರಡನೆಯದು ಔಷಧ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಉಳಿಸುವವರಿದ್ದಾರೆ. ಅದರ ಬದಲು ವೈದ್ಯರ ಬಳಿ ಮಾತ್ರೆಯ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರಕ್ಕೆ ಹೋದರೆ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ಕಂಪನಿಯ ಗುಂಪು ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಗಲು ಕೆಲಸ ಬಿಡುವ ಮುಂಚೆಯೇ ಕೇಳಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಅದೂ ಆಗದಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ: ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಮನೆಗೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷದ ಮಿತಿಯಲ್ಲಿ.

ಊರಿಗೆ ವಾಪಸ್ ಹೋಗುವ ಮಾತೂ ಬರುತ್ತದೆ. ಕೋವಿಡ್ ವರ್ಷದಲ್ಲಿ ಹಾಗೆ ಹೋದವರು ನರೇಗಾ ಕೆಲಸಕ್ಕೆ ಇಳಿದಿದ್ದರು. 2025-26ರಲ್ಲಿ ಕರ್ನಾಟಕದಲ್ಲಿ ಅದರ ದಿನಗೂಲಿ 370 ರೂಪಾಯಿ. ಕೇಳಿದ 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಆ ಕಾಯ್ದೆಯಲ್ಲಿತ್ತು. ದೇಶದ ಕಾನೂನಿನಲ್ಲಿ ಅಪರೂಪಕ್ಕೆ ಹಾಗೆ ನೇರವಾಗಿ ಬರೆದ ಸಾಲು ಅದು, ಕೈಗೆ ಬಂದವರು ಬೆರಳೆಣಿಕೆಯಷ್ಟು. ಊರಲ್ಲಿ ಸ್ವಂತ ಸೂರು, ತುಸು ಜಮೀನು ಇರುವವರಿಗೆ ಆರು ತಿಂಗಳ ಮಟ್ಟಿಗೆ ವಾಪಸ್ ಹೋಗುವುದು ಒಳ್ಳೆಯ ದಾರಿ. ಬೆಂಗಳೂರಿನ ಅಡ್ವಾನ್ಸ್ ವಾಪಸ್ ಪಡೆದು, ಊರಿನ ಹಳೆಯ ಕೈಸಾಲಕ್ಕೆ ಅದನ್ನು ಕೊಟ್ಟುಬಿಟ್ಟರೆ ಮಾತ್ರ ಮತ್ತೆ ನಗರಕ್ಕೆ ಬರಲು ದಾರಿ ಮುಚ್ಚುತ್ತದೆ.

ಗ್ಯಾರಂಟಿ ಹಣವನ್ನೇ ನೆಚ್ಚಿ ಬಾಡಿಗೆಯ ತಾರೀಖು ಒಪ್ಪಿಕೊಳ್ಳುವುದೂ ಅಪಾಯ. ಗೃಹಲಕ್ಷ್ಮಿ ಎರಡು ಮೂರು ತಿಂಗಳು ತಡವಾಗಿ ಒಟ್ಟಿಗೆ ಬಂದದ್ದುಂಟು. ನಾಲ್ಕು ಜನರ ಬಿಪಿಎಲ್ ಮನೆಗೆ ಆ 2,000, ರೇಷನ್ ಅಕ್ಕಿ, ಕರೆಂಟು, ಬಸ್ಸು ಎಲ್ಲ ಸೇರಿ ಸುಮಾರು ನಾಲ್ಕೈದು ಸಾವಿರದ ಆಸರೆ. ಹಸಿವಿನಿಂದ ಕಾಪಾಡಲು ಅದು ಸಾಕು, ಸಂಬಳದ ಜಾಗ ತುಂಬಲು ಸಾಲದು. ಸಂಬಳದ ಜಾಗ ತುಂಬಬೇಕಾದ್ದು ವಿಮೆ. ಅದರ ಬಾಗಿಲೋ ತೀರ ಕಿರಿದು. ಇಎಸ್‌ಐ ವ್ಯಾಪ್ತಿಯ ಸಂಬಳ ಮಿತಿಯನ್ನು 2017ರ ಜನವರಿಯಲ್ಲಿ 15,000ದಿಂದ 21,000ಕ್ಕೆ ಏರಿಸಿದರು. ಅಲ್ಲಿಂದ 2025 ಮುಗಿಯುವವರೆಗೂ ಅದು ಕದಲಲಿಲ್ಲ. ಈ ನಡುವೆ ಬೆಂಗಳೂರಿನಲ್ಲಿ 22,000 ಸಂಬಳದ ಸೂಪರ್‌ವೈಸರ್, ಡ್ರೈವರ್, ಆಸ್ಪತ್ರೆಯ ಟೆಕ್ನಿಶಿಯನ್ ಸಾವಿರಗಟ್ಟಲೆ ಇದ್ದಾರೆ. ಇವರಿಗೆ ಇಎಸ್‌ಐ ಇಲ್ಲ, ಆದಾಯ ಹೆಚ್ಚೆಂದು ಬಿಪಿಎಲ್ ಕಾರ್ಡಿಲ್ಲ, ಓದು ಮುಗಿಸಿ ಬಹಳ ವರ್ಷವಾದ್ದರಿಂದ ಯುವನಿಧಿ ಇಲ್ಲ. ಇಎಸ್‌ಐ ಮಿತಿಯನ್ನು ಏರಿಸುವುದಕ್ಕೆ, ಕೆಲಸ ಹೋದ ದಾಖಲೆ ತೋರಿಸಿದವರಿಗೆ ಆರು ತಿಂಗಳ ತಾತ್ಕಾಲಿಕ ರೇಷನ್ ಕಾರ್ಡು ಕೊಡುವುದಕ್ಕೆ ಹೊಸ ಇಲಾಖೆಯೇನೂ ಬೇಕಿಲ್ಲ. ಮೊದಲನೆಯದು ಕೇಂದ್ರದ ಕೈಯಲ್ಲಿದೆ, ಎರಡನೆಯದು ವಿಧಾನಸೌಧದ ಕೈಯಲ್ಲಿ.